ಗುಪ್ತಾಂಗಕ್ಕೆ ಸಿಕ್ಕಿಕೊಂಡ ಉಂಗುರ, ಒಳಗುಳಿದ ವಸ್ತು, ಚುಚ್ಚಿದ ಆಭರಣ: ಯಾವಾಗ ಆಸ್ಪತ್ರೆಗೆ ಹೋಗಬೇಕು?

ಎಮರ್ಜೆನ್ಸಿ ವಿಭಾಗದ ವೈದ್ಯರಿಗೆ ಒಂದು ಬಗೆಯ ರೋಗಿಗಳು ಚೆನ್ನಾಗಿ ಗೊತ್ತು. ‘ಹೊಟ್ಟೆನೋವು’ ಎನ್ನುತ್ತಾರೆ, ‘ಮೂತ್ರ ಸರಿಯಾಗಿ ಬರುತ್ತಿಲ್ಲ’ ಎನ್ನುತ್ತಾರೆ. ಯಾವಾಗಿನಿಂದ ಎಂದು ಕೇಳಿದರೆ ಮಾತು ಬದಲಿಸುತ್ತಾರೆ. ಪರೀಕ್ಷೆಗೆ ಬಟ್ಟೆ ಸರಿಸಿದಾಗಲೋ ಎಕ್ಸ್‌ರೇ ಬಂದಾಗಲೋ ವಿಷಯ ತಿಳಿಯುತ್ತದೆ. ಶಿಶ್ನಕ್ಕೆ ಹಾಕಿಕೊಂಡ ಲೋಹದ ಉಂಗುರ ಎರಡು ದಿನದಿಂದ ಹೊರಬಂದಿಲ್ಲ, ಅಥವಾ ಮೂತ್ರನಾಳದೊಳಗೆ ಹೋದ ವೈರು ಮೂತ್ರಕೋಶ ಸೇರಿದೆ, ಅಥವಾ ಗುದದ್ವಾರದೊಳಗೆ ಹೋದ ಬಾಟಲಿ ಮೇಲಕ್ಕೇರಿದೆ.

ಇಂಥ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ವರ್ಷವರ್ಷವೂ ಪ್ರಕಟವಾಗುತ್ತವೆ. ಭಾರತದ ಆಸ್ಪತ್ರೆಗಳಿಂದ ಹೋದ ವರದಿಗಳೂ ಅವುಗಳಲ್ಲಿ ಬೇಕಾದಷ್ಟಿವೆ. ಅವನ್ನು ಓದಿದಾಗ ಎದ್ದು ಕಾಣುವುದು ಒಂದೇ: ವಸ್ತು ಯಾವುದು ಎನ್ನುವುದಕ್ಕಿಂತ, ರೋಗಿ ಎಷ್ಟು ಹೊತ್ತಿನ ನಂತರ ಬಂದ ಎನ್ನುವುದರ ಮೇಲೆ ಪರಿಣಾಮ ನಿಂತಿರುತ್ತದೆ. ಮೂರು ಗಂಟೆಯೊಳಗೆ ಬಂದವನು ಅದೇ ದಿನ ಮನೆಗೆ ಹೋಗುತ್ತಾನೆ. ಮೂರು ದಿನ ಬಚ್ಚಿಟ್ಟುಕೊಂಡವನಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಅಂಗವನ್ನೇ ಕಳೆದುಕೊಳ್ಳಬೇಕಾಗಬಹುದು. ಯಾರು ಏಕೆ ಹೀಗೆ ಮಾಡಿಕೊಳ್ಳುತ್ತಾರೆ ಎನ್ನುವುದು ಈ ಲೇಖನದ ವಿಷಯವಲ್ಲ. ಆಗಿಹೋಗಿದೆ, ಈಗ ಏನು ಮಾಡಬೇಕು ಎನ್ನುವುದಷ್ಟೇ ಇಲ್ಲಿನ ಮಾತು. ನೀವು ರೋಗಿಯೇ ಆಗಿರಬಹುದು, ಆತನ ಹೆಂಡತಿ, ಅಣ್ಣ, ರೂಮ್‌ಮೇಟ್ ಆಗಿರಬಹುದು. ಓದುತ್ತಿರುವ ಹೊತ್ತಿನಲ್ಲೇ ಉಂಗುರ ಸಿಕ್ಕಿಕೊಂಡಿದ್ದರೆ ಮುಂದಿನ ಭಾಗವನ್ನಷ್ಟೇ ಓದಿ ಹೊರಡಿ.

ಬಿಗಿದ ಉಂಗುರ: ಗಂಟೆಗಳ ಲೆಕ್ಕ

ನಿಮಿರುವಿಕೆ ಹೆಚ್ಚು ಹೊತ್ತು ಇರಲೆಂದು ಶಿಶ್ನದ ಬುಡಕ್ಕೆ ಉಂಗುರ ಹಾಕುವ ಅಭ್ಯಾಸ ಹಳೆಯದು. ವೈದ್ಯರೂ ನಿಮಿರು ದೌರ್ಬಲ್ಯಕ್ಕೆ ವ್ಯಾಕ್ಯೂಮ್ ಪಂಪಿನ ಜೊತೆ ರಬ್ಬರ್ ಉಂಗುರ ಕೊಡುತ್ತಾರೆ. ಆದರೆ ಅದನ್ನು 30 ನಿಮಿಷಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದು ಹೇಳಿಯೇ ಕೊಡುತ್ತಾರೆ. ಆ ಉಂಗುರ ಹಿಗ್ಗುತ್ತದೆ, ಬೇಕಾದರೆ ಕತ್ತರಿಸಬಹುದು. ತೊಂದರೆ ಬರುವುದು ಹಿಗ್ಗದ ವಸ್ತುಗಳಿಂದ: ಸ್ಟೀಲ್ ಉಂಗುರ, ಬೇರಿಂಗ್, ನಟ್, ಪೈಪಿನ ತುಂಡು, ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ.

ಒಳಗೆ ಆಗುವುದು ಇದು. ರಕ್ತವನ್ನು ಒಳಗೆ ತರುವ ಅಪಧಮನಿಗಳು ಆಳದಲ್ಲಿವೆ, ಒತ್ತಡವೂ ಅವುಗಳಲ್ಲಿ ಜಾಸ್ತಿ. ರಕ್ತವನ್ನು ವಾಪಸ್ ಒಯ್ಯುವ ಅಭಿಧಮನಿಗಳು ಮೆತ್ತಗಿವೆ, ಬೇಗ ಮುಚ್ಚಿಹೋಗುತ್ತವೆ. ಹಾಗಾಗಿ ರಕ್ತ ಬರುತ್ತಲೇ ಇರುತ್ತದೆ, ಹೋಗುವ ದಾರಿ ಮಾತ್ರ ಕಟ್ಟಿರುತ್ತದೆ. ಮುಂಭಾಗ ಊದುತ್ತದೆ. ಊದಿದಷ್ಟೂ ಉಂಗುರ ಇನ್ನಷ್ಟು ಬಿಗಿಯಾಗುತ್ತದೆ. ಕೊನೆಗೆ ಬರುವ ರಕ್ತವೂ ನಿಲ್ಲುತ್ತದೆ. ‘ರಾತ್ರಿ ಕಳೆದರೆ ಊತ ಇಳಿದು ತಾನಾಗಿಯೇ ಹೊರಬರುತ್ತದೆ’ ಎಂದು ಮಲಗಿಬಿಡುವವರು ಬಹಳ. ಅದು ಇಳಿಯುವುದಿಲ್ಲ, ಇಳಿಯಲು ಕಾರಣವೇ ಇಲ್ಲ.

ಈ ಗಾಯವನ್ನು ಐದು ಹಂತಗಳಲ್ಲಿ ಅಳೆಯುವ ಪದ್ಧತಿಯನ್ನು ರೂಪಿಸಿದವರು ಭಾರತದ ವೈದ್ಯರೇ. 1991ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಯೂರಾಲಜಿಯಲ್ಲಿ ಅದು ಪ್ರಕಟವಾಯಿತು, ಭಟ್ ಎಂಬ ಮೊದಲ ಲೇಖಕರ ಹೆಸರಿನಲ್ಲಿ ಈಗಲೂ ಲೋಕದಾದ್ಯಂತ ಬಳಕೆಯಲ್ಲಿದೆ. ಮೊದಲ ಹಂತದಲ್ಲಿ ಬರೀ ಊತ. ಎರಡನೆಯದರಲ್ಲಿ ಚರ್ಮಕ್ಕೆ ಗಾಯ, ಮುಂಭಾಗದ ಸ್ಪರ್ಶ ಕಡಿಮೆ. ಮೂರನೆಯದರಲ್ಲಿ ಮೂತ್ರನಾಳಕ್ಕೂ ಗಾಯ. ನಾಲ್ಕನೆಯದರಲ್ಲಿ ಮೂತ್ರನಾಳದ ಸುತ್ತಲ ಭಾಗ ತುಂಡಾಗಿ, ಮೂತ್ರ ಬೇರೆ ರಂಧ್ರದಿಂದ ಸೋರುತ್ತದೆ. ಐದನೆಯದು ಕೊಳೆತ, ಅಂದರೆ ಗ್ಯಾಂಗ್ರೀನ್. ಒಂದರಿಂದ ಐದಕ್ಕೆ ಏರುವುದು ಬಿಗಿತ ಮತ್ತು ಕಾಲದ ಮೇಲೆ ಹೋಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ. ಮಲಗಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆಲವು ನಿಮಿಷ ಒತ್ತಿ ಹಿಡಿದು, ಕೊಬ್ಬರಿ ಎಣ್ಣೆ ಅಥವಾ ಜೆಲ್ ಹಚ್ಚಿ ಒಂದು ಸಲ ನಿಧಾನವಾಗಿ ಪ್ರಯತ್ನಿಸಿ. ಬರಲಿಲ್ಲವೆಂದರೆ ಅಲ್ಲಿಗೆ ಬಿಡಿ. ಹ್ಯಾಕ್‌ಸಾ, ಗ್ರೈಂಡರ್, ಕಟಿಂಗ್ ಪ್ಲೇಯರ್ ಹಿಡಿಯಬೇಡಿ. ಲೋಹ ಕೊಯ್ಯುವಾಗ ಅದು ಕಾದ ಕಬ್ಬಿಣವಾಗುತ್ತದೆ, ಕೆಳಗಿರುವುದು ತೆಳು ಚರ್ಮ. ಸೂಜಿಯಿಂದ ಚುಚ್ಚಿ ರಕ್ತ ಹೊರತೆಗೆಯುವ ಸಾಹಸವೂ ಬೇಡ. ಮುಂಭಾಗ ನೀಲಿಗಟ್ಟಿದ್ದರೆ, ತಣ್ಣಗಿದ್ದರೆ, ಮುಟ್ಟಿದರೆ ಗೊತ್ತಾಗದಿದ್ದರೆ, ಮೂತ್ರ ಬರುತ್ತಿಲ್ಲವಾದರೆ ಮಂಜುಗಡ್ಡೆಗೂ ಸಮಯ ಹಾಕದೆ ಹೊರಡಿ. ನೋವು ಕಡಿಮೆಯಾಯಿತು ಎಂದು ಸಮಾಧಾನಪಡಬೇಡಿ. ಸ್ಪರ್ಶ ಹೋದಾಗಲೂ ನೋವು ಕಡಿಮೆಯಾಗುತ್ತದೆ. ಅರಿವಳಿಕೆ ಬೇಕಾಗಬಹುದು, ಹಾಗಾಗಿ ಹೊರಡುವ ಮುಂಚೆ ಊಟ ಮಾಡಬೇಡಿ.

ಆಸ್ಪತ್ರೆ ಆರಿಸುವಾಗ ಸಣ್ಣ ಕ್ಲಿನಿಕ್‌ಗಿಂತ ಯೂರಾಲಜಿ ವಿಭಾಗವಿರುವ ದೊಡ್ಡ ಆಸ್ಪತ್ರೆ, ಇಲ್ಲವೇ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಉತ್ತಮ. ಅಲ್ಲಿ ಊದಿದ ಭಾಗಕ್ಕೆ ದಾರವನ್ನು ಒತ್ತೊತ್ತಾಗಿ ಸುತ್ತಿ, ಊತವನ್ನು ಹಿಂದಕ್ಕೆ ತಳ್ಳಿ ಉಂಗುರ ಜಾರಿಸುವ ಒಂದು ವಿಧಾನವಿದೆ. ಬೆರಳಿಗೆ ಸಿಕ್ಕ ಉಂಗುರ ತೆಗೆಯಲು ಅಕ್ಕಸಾಲಿಗರು ಮಾಡುವಂಥದ್ದೇ. ಅದು ಆಗದಿದ್ದರೆ ದಂತವೈದ್ಯರ ಡ್ರಿಲ್, ಮೂಳೆ ಕೊಯ್ಯುವ ಕಟ್ಟರ್ ಬರುತ್ತವೆ. ತೀರಾ ಗಟ್ಟಿ ಲೋಹವಾದರೆ ಅಗ್ನಿಶಾಮಕ ದಳದವರನ್ನು ಕರೆಸಿ ಕತ್ತರಿಸಿದ ಉದಾಹರಣೆಗಳೂ ಇವೆ. ಉಂಗುರದ ಕೆಳಗೆ ತಗಡು ತೂರಿಸಿ, ತಣ್ಣನೆಯ ಸಲೈನ್ ಸುರಿಯುತ್ತಾ ಕೊಯ್ಯುತ್ತಾರೆ. ಮೂತ್ರ ಕಟ್ಟಿದ್ದರೆ ಕಿಬ್ಬೊಟ್ಟೆಯಿಂದ ಒಂದು ನಳಿಕೆ ಹಾಕಿ ಇಳಿಸುತ್ತಾರೆ. ಉಂಗುರ ತೆಗೆದ ಮೇಲೆ ‘ಆಯಿತಲ್ಲ’ ಎಂದು ಎದ್ದು ಬರಬೇಡಿ. ಮೂತ್ರನಾಳಕ್ಕೆ ಆದ ಗಾಯ ವಾರಗಳ ನಂತರ ಗಂಟುಕಟ್ಟಿ ದಾರಿ ಕಿರಿದಾಗಬಹುದು. ಒಂದೆರಡು ಸಲ ಮತ್ತೆ ತೋರಿಸಬೇಕು.

ಇದಕ್ಕೆ ಹತ್ತಿರದ ಇನ್ನೊಂದು ತುರ್ತು: ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡ ನಂತರ ನಿಮಿರುವಿಕೆ 4 ಗಂಟೆ ಮೀರಿದರೂ ಇಳಿಯದಿರುವುದು. ಅದು ಜಂಬ ಕೊಚ್ಚಿಕೊಳ್ಳುವ ವಿಷಯವಲ್ಲ, ಒಳಗೆ ರಕ್ತ ಹೆಪ್ಪುಗಟ್ಟಿ ಮುಂದೆ ಎಂದಿಗೂ ನಿಮಿರದಂತಾಗುವ ಸ್ಥಿತಿ. ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಸಿಲ್ಡೆನಫಿಲ್ ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರುತ್ತದೆ. ಅಂಥವರು ಎದೆನೋವೆಂದು ಆಸ್ಪತ್ರೆಗೆ ಹೋದಾಗ ನುಂಗಿದ್ದನ್ನು ಮುಚ್ಚಿಡಲೇಬಾರದು.

ಮಗುವಿಗೆ ದಾರ, ಹಾಸಿಗೆ ಹಿಡಿದವರಿಗೆ ರಬ್ಬರ್ ಬ್ಯಾಂಡ್

ಬಿಗಿತದ ಗಾಯ ಎಂದರೆ ಲೈಂಗಿಕ ಪ್ರಯೋಗವೇ ಎಂದುಕೊಳ್ಳಬೇಡಿ. ಆರೈಕೆ ಮಾಡುವವರು ತಿಳಿದಿರಬೇಕಾದ ಎರಡು ಸಂದರ್ಭಗಳಿವೆ. ಹೆರಿಗೆಯಾದ ಕೆಲವು ತಿಂಗಳು ತಾಯಿಯ ಕೂದಲು ಉದುರುವುದು ಹೆಚ್ಚು. ಒಂದು ಎಳೆ ಕೂದಲು ಬಟ್ಟೆಯೊಳಗೆ ಸೇರಿ ಮಗುವಿನ ಕಾಲ್ಬೆರಳಿಗೋ ಶಿಶ್ನಕ್ಕೋ ಸುತ್ತಿಕೊಂಡರೆ ಕಣ್ಣಿಗೇ ಕಾಣದಷ್ಟು ಆಳಕ್ಕೆ ಕೊಯ್ದುಕೊಂಡು ಹೋಗುತ್ತದೆ. ಕಾರಣ ಗೊತ್ತಾಗದೆ ಮಗು ಅಳುತ್ತಲೇ ಇದ್ದರೆ ಬಟ್ಟೆ ಪೂರ್ತಿ ಬಿಚ್ಚಿ ಬೆರಳುಗಳ ಸಂದಿ, ಗುಪ್ತಾಂಗ ನೋಡಿ. ಹಾಸಿಗೆ ಒದ್ದೆ ಮಾಡುವ ಹುಡುಗ ಬೈಗುಳಕ್ಕೆ ಹೆದರಿ ತಾನೇ ದಾರ ಕಟ್ಟಿಕೊಂಡ, ದೊಡ್ಡವರೇ ಕಟ್ಟಿದ ಪ್ರಕರಣಗಳೂ ಇವೆ. ಹುಡುಗನನ್ನು ಗದರಿಸಿ ಕೇಳಿದರೆ ಬಾಯಿ ಬಿಡುವುದಿಲ್ಲ.

ಎರಡನೆಯದು, ಪಾರ್ಶ್ವವಾಯು, ಬೆನ್ನುಹುರಿ ಗಾಯ, ಮರೆವಿನ ಕಾಯಿಲೆ ಇರುವ ಗಂಡಸರಿಗೆ ಹಾಕುವ ಕಾಂಡೋಮ್ ಕ್ಯಾಥೆಟರ್. ಜಾರಬಾರದೆಂದು ಅದರ ಮೇಲೆ ರಬ್ಬರ್ ಬ್ಯಾಂಡ್ ಹಾಕುವುದು, ಅಂಟುಪಟ್ಟಿಯನ್ನು ಪೂರ್ತಿ ಸುತ್ತು ಬರುವಂತೆ ಬಿಗಿಯುವುದು ಮನೆಗಳಲ್ಲಿ ನಡೆಯುತ್ತದೆ. ಸ್ಪರ್ಶವಿಲ್ಲದ ರೋಗಿಗೆ ನೋವೂ ಗೊತ್ತಾಗುವುದಿಲ್ಲ. ಸರಿಯಾದ ಅಳತೆಯದನ್ನೇ ಕೊಳ್ಳಿ, ಅದರೊಂದಿಗೆ ಬರುವ ಪಟ್ಟಿಯನ್ನೇ ಬಳಸಿ, ದಿನಕ್ಕೊಮ್ಮೆ ತೆಗೆದು ಚರ್ಮ ನೋಡಿ. ಮನೆಗೆ ಬರುವ ಅಟೆಂಡರ್‌ಗೂ ಇದನ್ನು ಹೇಳಿಕೊಡಿ.

ಮೂತ್ರನಾಳದೊಳಗೆ ಹೋದದ್ದು

ಪೆನ್ನಿನ ರೀಫಿಲ್, ವೈರು, ಹೇರ್‌ಪಿನ್, ಕಡ್ಡಿ ಹೀಗೆ ತೆಳ್ಳಗಿರುವ ಏನನ್ನಾದರೂ ಕುತೂಹಲಕ್ಕೋ ಸುಖಕ್ಕೋ ಒಳಗೆ ತೂರಿಸಿದಾಗ ಅದು ಹಿಡಿತ ತಪ್ಪಿ ಒಳಕ್ಕೆ ಹೋಗುತ್ತದೆ. ಹದಿಹರೆಯದ ಹುಡುಗರಲ್ಲಿ ಇದು ಕಾಣಸಿಗುತ್ತದೆ, ಮಾನಸಿಕ ಕಾಯಿಲೆ ಇರುವವರಲ್ಲೂ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಅವರಲ್ಲಿ ವಸ್ತು ನೇರ ಮೂತ್ರಕೋಶಕ್ಕೆ ಬೀಳುತ್ತದೆ. ಮೆತ್ತನೆಯ ವೈರಾದರೆ ಮೂತ್ರಕೋಶದೊಳಗೆ ಸುರುಳಿ ಸುತ್ತಿ ಗಂಟು ಹಾಕಿಕೊಳ್ಳುತ್ತದೆ. ಆಮೇಲೆ ಹೊರಗಿನಿಂದ ಎಳೆದರೆ ಗಂಟು ಮೂತ್ರನಾಳವನ್ನು ಹರಿಯುತ್ತದೆ. ಆದ್ದರಿಂದ ತುದಿ ಕಾಣುತ್ತಿದ್ದರೂ ಎಳೆಯಬೇಡಿ.

ಉರಿಮೂತ್ರ, ಮೂತ್ರದಲ್ಲಿ ರಕ್ತ, ಪದೇ ಪದೇ ಹೋಗಬೇಕೆನಿಸುವುದು, ಕಿಬ್ಬೊಟ್ಟೆ ನೋವು ಇದರ ಲಕ್ಷಣಗಳು. ಇವೇ ಸಾಮಾನ್ಯ ಮೂತ್ರದ ಸೋಂಕಿನ ಲಕ್ಷಣಗಳೂ ಹೌದು. ಹಾಗಾಗಿ ನಿಜ ಹೇಳದವನಿಗೆ ತಿಂಗಳುಗಟ್ಟಲೆ ಆಂಟಿಬಯಾಟಿಕ್ ಸಿಗುತ್ತದೆ, ಸೋಂಕು ಹೋದಂತೆ ಮಾಡಿ ಮತ್ತೆ ಬರುತ್ತದೆ. ವರ್ಷ ಕಳೆದರೆ ಒಳಗಿನ ವಸ್ತುವಿನ ಮೇಲೆ ಲವಣ ಕೂತು ಕಲ್ಲಾಗಿರುತ್ತದೆ. ಬೇಗ ಬಂದರೆ ಹೊಟ್ಟೆ ಕೊಯ್ಯಬೇಕಾಗಿಲ್ಲ. ಮೂತ್ರನಾಳದಿಂದಲೇ ದುರ್ಬೀನು ಹಾಕಿ ತೆಗೆಯುವುದು ಬಹುತೇಕ ಸಾಧ್ಯ.

ಗುದದ್ವಾರದಲ್ಲಿ ಸಿಕ್ಕಿಕೊಂಡದ್ದು, ಮತ್ತು ಗಾಳಿಯ ‘ತಮಾಷೆ’

ಬುಡ ಅಗಲವಿಲ್ಲದ ನುಣುಪಾದ ವಸ್ತು ಒಳಗೆ ಹೋದರೆ ಗುದದ್ವಾರದ ಸ್ನಾಯು ಹಿಂದಿನಿಂದ ಮುಚ್ಚಿಕೊಳ್ಳುತ್ತದೆ. ಬಾಟಲಿಯಂಥದ್ದಾದರೆ ಅದರ ಹಿಂದೆ ನಿರ್ವಾತ ಉಂಟಾಗಿ ಎಳೆದಷ್ಟೂ ಒಳಗೇ ಉಳಿಯುತ್ತದೆ. ಹೆದರಿದವರು ಮೊದಲು ಮಾಡುವ ಕೆಲಸ ಹರಳೆಣ್ಣೆ ಕುಡಿಯುವುದು, ಎನಿಮಾ ತೆಗೆದುಕೊಳ್ಳುವುದು, ಬಾಳೆಹಣ್ಣು ತಿನ್ನುವುದು. ಇವು ಕರುಳನ್ನು ಆ ವಸ್ತುವಿನ ಮೇಲೆ ಹಿಂಡಿಸುತ್ತವೆ, ಅಷ್ಟೇ. ಚಿಮಟ, ಚಮಚ ಹಾಕಿ ಎಳೆಯುವುದು ಅದಕ್ಕಿಂತ ಕೆಟ್ಟದ್ದು. ಗಾಜಾದರೆ ಒಡೆಯುತ್ತದೆ.

ವೈದ್ಯರು ಎಕ್ಸ್‌ರೇ ತೆಗೆದು, ಸ್ನಾಯು ಸಡಿಲವಾಗಲು ಔಷಧಿ ಅಥವಾ ಅರಿವಳಿಕೆ ಕೊಟ್ಟು, ಬಹಳಷ್ಟು ಸಲ ಹೋದ ದಾರಿಯಿಂದಲೇ ತೆಗೆಯುತ್ತಾರೆ. ಹೊಟ್ಟೆ ತೆರೆಯುವ ಪ್ರಸಂಗ ಕೆಲವರಿಗೆ ಮಾತ್ರ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿ, ಜ್ವರ, ವಾಂತಿ, ರಕ್ತಸ್ರಾವ, ಅಲುಗಾಡಿದರೆ ನೋವು ಇದ್ದರೆ ಕರುಳು ತೂತಾಗಿರುವ ಸಾಧ್ಯತೆ ಇದೆ. ಆಗ ಮಲ ಹೊಟ್ಟೆಯೊಳಗೆ ಸೋರಿ ನಂಜೇರುತ್ತದೆ. ಇದಕ್ಕೆ ಬೆಳಗಿನವರೆಗೂ ಕಾಯುವಂತಿಲ್ಲ. ವಸ್ತುವನ್ನು ಮನೆಯಲ್ಲೇ ಹೇಗೋ ಹೊರತೆಗೆದಿರಿ, ಆದರೆ ಮರುದಿನ ಈ ಲಕ್ಷಣ ಕಾಣಿಸಿದರೂ ಅಷ್ಟೇ.

ಇಲ್ಲಿ ಇನ್ನೊಂದು ವಿಷಯವನ್ನು ಬಿಟ್ಟು ಮುಂದೆ ಹೋಗಲಾಗದು. ಕಾರ್ಖಾನೆ, ಗ್ಯಾರೇಜು, ಗಿರಣಿಗಳಲ್ಲಿ ಮೈಮೇಲಿನ ಧೂಳು ಊದಿಕೊಳ್ಳಲು ಬಳಸುವ ಕಂಪ್ರೆಸರ್ ಪೈಪನ್ನು ಜೊತೆಗಾರನ ಹಿಂಬದಿಗೆ ಹಿಡಿಯುವ ‘ತಮಾಷೆ’. ಇದಕ್ಕೂ ಲೈಂಗಿಕ ಆಸಕ್ತಿಗೂ ಸಂಬಂಧವಿಲ್ಲ, ಆದರೆ ಗಾಯ ಅದೇ ಜಾಗದ್ದು, ಇನ್ನೂ ಭೀಕರ. ಬಟ್ಟೆಯ ಮೇಲಿಂದ ಹಿಡಿದರೂ ಗಾಳಿ ಒಳನುಗ್ಗಿ ಒಂದೆರಡು ಸೆಕೆಂಡಿನಲ್ಲಿ ದೊಡ್ಡ ಕರುಳನ್ನು ಒಡೆಯಬಲ್ಲದು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಒಂದು ವಾಹನ ಸರ್ವೀಸ್ ಸೆಂಟರ್‌ನಲ್ಲಿ ಗೆಳೆಯ ಹೀಗೆ ಗಾಳಿ ಬಿಟ್ಟು ಯುವಕನೊಬ್ಬ ಸತ್ತ. ಪುಣೆ, ಮುಂಬೈ, ಹೈದರಾಬಾದಿನ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸಕ್ಕಿರುವ ನಿಮ್ಮ ಮನೆಯ ಹುಡುಗರಿಗೆ ಇದನ್ನು ಬಿಡಿಸಿ ಹೇಳಿ. ಹೊಟ್ಟೆ ಡೋಲಿನಂತೆ ಉಬ್ಬಿದರೆ ‘ಗ್ಯಾಸ್ ಇಳಿಯಲಿ’ ಎಂದು ಸೋಡಾ ಕುಡಿಸುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಯೋನಿಯ ವಿಷಯ

ಇಲ್ಲಿ ಸಿಕ್ಕಿಕೊಂಡ ವಸ್ತು ಹೊಟ್ಟೆಯೊಳಗೆ ಕಳೆದುಹೋಗುವುದಿಲ್ಲ, ಮೇಲ್ತುದಿ ಗರ್ಭಕಂಠದಿಂದ ಮುಚ್ಚಿದೆ. ಆ ಭಯ ಬೇಡ. ಆದರೆ ಮರೆತ ಟ್ಯಾಂಪನ್, ಒಳಗುಳಿದ ಕಾಂಡೋಮ್, ತುಂಡಾದ ವಸ್ತುವಿನಿಂದ ಕೆಟ್ಟ ವಾಸನೆಯ ಸ್ರಾವ ಶುರುವಾಗುತ್ತದೆ. ಟ್ಯಾಂಪನ್ ಜೊತೆಗೆ ಜೋರು ಜ್ವರ, ಮೈಮೇಲೆ ಕೆಂಪು ದದ್ದು, ತಲೆಸುತ್ತು ಬಂದರೆ ಟಾಕ್ಸಿಕ್ ಶಾಕ್ ಎಂಬ ಅಪರೂಪದ, ಆದರೆ ಪ್ರಾಣಾಂತಿಕ ಸ್ಥಿತಿ ಇರಬಹುದು. ವರ್ಷಗಟ್ಟಲೆ ಉಳಿದ ವಸ್ತು ಮೂತ್ರಕೋಶಕ್ಕೋ ಗುದನಾಳಕ್ಕೋ ತೂತು ಕೊರೆದದ್ದಿದೆ. ಚಿಕ್ಕ ಹೆಣ್ಣುಮಗುವಿಗೆ ವಾಸನೆಯ ಸ್ರಾವವಿದ್ದರೆ ಆಟದಲ್ಲಿ ಹೋದ ವಸ್ತು ಇರಬಹುದು, ಯಾರೋ ತೊಂದರೆ ಕೊಟ್ಟಿರುವುದೂ ಇರಬಹುದು. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ವೈದ್ಯರಿಗೆ ತೋರಿಸಿ.

‘ಬಿಗಿ’ ಮಾಡಿಕೊಳ್ಳಲು ಪಟಿಕದ ಕಲ್ಲು, ನಿಂಬೆರಸ, ಆನ್‌ಲೈನ್ ಕ್ರೀಮು, ‘ಸ್ವಚ್ಛ’ಕ್ಕೆಂದು ಡೆಟ್ಟಾಲ್ ಬಳಸುವುದು ಅಪಾಯ. ಇವು ಒಳಪದರವನ್ನು ಸುಟ್ಟು ಒಣಗಿಸುತ್ತವೆ. ಬಿರುಕುಬಿಟ್ಟ ಪದರದಿಂದ ಎಚ್‌ಐವಿ ಮತ್ತಿತರ ಸೋಂಕುಗಳಿಗೆ ದಾರಿ ಸುಲಭ. ಈ ಕೆಲಸವನ್ನು ಹೆಂಗಸರು ತಮಗಾಗಿ ಮಾಡುವುದಕ್ಕಿಂತ ಗಂಡನ ಮಾತಿಗೆ ನೊಂದು ಮಾಡುವುದೇ ಹೆಚ್ಚು ಎಂದು ನನ್ನ ಅನಿಸಿಕೆ. ಅಂಥ ಮಾತಾಡುವವರೂ ಈ ಪ್ಯಾರಾ ಓದಲಿ.

ದಪ್ಪ ಮಾಡುವ ಇಂಜೆಕ್ಷನ್

ಲೋಕಲ್ ರೈಲಿನ ಡಬ್ಬಿಗಳಲ್ಲಿ, ಬಸ್‌ಸ್ಟ್ಯಾಂಡಿನ ಗೋಡೆಗಳಲ್ಲಿ ಅಂಟಿಸಿದ ಚೀಟಿಗಳನ್ನು ನೀವು ನೋಡಿರುತ್ತೀರಿ. ಮಾತ್ರೆ, ಎಣ್ಣೆ ಮಾರುವವರದು ಒಂದು ಬಗೆ. ಚರ್ಮದಡಿಗೆ ವ್ಯಾಸಲಿನ್, ಖನಿಜ ತೈಲ, ದ್ರವ ಸಿಲಿಕೋನ್ ಚುಚ್ಚುವವರದು ಇನ್ನೂ ಅಪಾಯದ ಬಗೆ. ಕೆಲವರು ತಾವೇ ಚುಚ್ಚಿಕೊಳ್ಳುತ್ತಾರೆ.

ಇದು ಹೊಸ ಪ್ರಯೋಗವೂ ಅಲ್ಲ. 1899ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸುನಿ, ಕ್ಷಯದಿಂದ ವೃಷಣಗಳನ್ನು ಕಳೆದುಕೊಂಡ ಯುವಕನೊಬ್ಬನಿಗೆ ಆ ಜಾಗ ತುಂಬಿದಂತೆ ಕಾಣಲೆಂದು ವ್ಯಾಸಲಿನ್ ಚುಚ್ಚಿದ. ಮೊದಮೊದಲು ಅದ್ಭುತ ಎನಿಸಿತು, ಮುಖಕ್ಕೆ, ಎದೆಗೆ ಚುಚ್ಚುವ ಭರಾಟೆ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಗಂಟು, ಹುಣ್ಣು, ಕುರುಡುತನದ ವರದಿಗಳು ಬಂದು ವೈದ್ಯರು ಅದನ್ನು ಕೈಬಿಟ್ಟರು. ವೈದ್ಯರು ಶತಮಾನದ ಹಿಂದೆಯೇ ಬಿಟ್ಟದ್ದು ನಕಲಿಗಳ ಕೈಯಲ್ಲಿ ಉಳಿದುಕೊಂಡಿದೆ.

ದೇಹಕ್ಕೆ ಇಂಥ ಎಣ್ಣೆಯನ್ನು ಕರಗಿಸಲು ಬರುವುದಿಲ್ಲ. ಅದರ ಸುತ್ತ ಗಟ್ಟಿ ನಾರಿನ ಗೋಡೆ ಕಟ್ಟುತ್ತದೆ. ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಅಂಗ ಕಲ್ಲಿನಂತಾಗಿ ಡೊಂಕಾಗುತ್ತದೆ, ಮುಂದೊಗಲು ಸರಿಯುವುದಿಲ್ಲ, ಹುಣ್ಣು ಒಡೆದು ಕೀವು ಸುರಿಯುತ್ತದೆ. ಇದಕ್ಕೆ ಮಾತ್ರೆಯಿಲ್ಲ. ಕೆಟ್ಟ ಚರ್ಮವನ್ನೆಲ್ಲ ಕೊಯ್ದು ತೊಡೆಯ ಚರ್ಮ ಕಸಿ ಮಾಡಬೇಕು. ಚುಚ್ಚುವಾಗ ರಕ್ತನಾಳಕ್ಕೆ ಹೋದರೆ ಶ್ವಾಸಕೋಶ ಮುಚ್ಚಿ ಅಲ್ಲೇ ಸಾವು ಬರಬಹುದು. ದೇಹದ ಆಕಾರ ತಿದ್ದಲು ದ್ರವ ಸಿಲಿಕೋನ್ ಚುಚ್ಚಿಸಿಕೊಳ್ಳಬೇಡಿ ಎಂದು ಅಮೆರಿಕದ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ಕೊಟ್ಟದ್ದು ಇದೇ ಕಾರಣಕ್ಕೆ. ಎದೆ, ನಿತಂಬಕ್ಕೆ ಕಡಿಮೆ ಖರ್ಚಿನಲ್ಲಿ ಚುಚ್ಚಿಸಿಕೊಳ್ಳುವ ಆಮಿಷಕ್ಕೆ ಒಳಗಾಗುವ ಟ್ರಾನ್ಸ್ ಮಹಿಳೆಯರಿಗೂ ಈ ಮಾತು ಸೇರಿದೆ. ಈಗಾಗಲೇ ಚುಚ್ಚಿಸಿಕೊಂಡಿದ್ದರೆ, ಏನೂ ತೊಂದರೆಯಿಲ್ಲದಿದ್ದರೂ ಪ್ಲಾಸ್ಟಿಕ್ ಸರ್ಜನ್ ಅಥವಾ ಯೂರಾಲಜಿಸ್ಟ್‌ಗೆ ಒಮ್ಮೆ ತೋರಿಸಿಡಿ. ಗಂಟನ್ನು ಒತ್ತಿ ಹಿಂಡಬೇಡಿ.

ಚುಚ್ಚಿದ ಆಭರಣ, ಹಚ್ಚೆ

ಕಿವಿ, ಮೂಗು ಚುಚ್ಚಿಸಿಕೊಳ್ಳುವುದು, ಕೊರವಂಜಿಯ ಕೈಯಲ್ಲಿ ಹಚ್ಚೆ ಹಾಕಿಸಿಕೊಳ್ಳುವುದು, ಹರಕೆಗೆ ಬಾಯಿಬೀಗ ಹಾಕಿಕೊಳ್ಳುವುದು ನಮಗೇನೂ ಅಪರಿಚಿತವಲ್ಲ. ಚುಚ್ಚುವಿಕೆ ತಪ್ಪು ಎನ್ನುವ ಹಕ್ಕು ನಮಗಿಲ್ಲ. ಸೂಜಿ ಹೊಸದೇ, ಮಾಯಲು ನೀವು ಸಮಯ ಕೊಡುತ್ತೀರಾ ಎನ್ನುವುದೇ ಪ್ರಶ್ನೆ. ಕಿವಿಯ ಹಾಲೆ ಆರೆಂಟು ವಾರಗಳಲ್ಲಿ ಮಾಯುತ್ತದೆ. ಹೊಕ್ಕುಳು, ಮೊಲೆತೊಟ್ಟಿಗೆ ಹಲವು ತಿಂಗಳು, ವರ್ಷವೂ ಬೇಕಾಗಬಹುದು. ಗುಪ್ತಾಂಗದಲ್ಲಿ ಜಾಗದ ಮೇಲೆ ಹೋಗುತ್ತದೆ, ಕೆಲವು ವಾರಗಳಿಂದ ಕೆಲವು ತಿಂಗಳು. ಮಾಯುವವರೆಗೆ ಅದು ತೆರೆದ ಗಾಯ. ಆ ಅವಧಿಯಲ್ಲಿ ಸಂಭೋಗದಿಂದ ದೂರವಿರಿ. ಮಾಯ್ದ ಮೇಲೂ ಲೋಹ ಕಾಂಡೋಮನ್ನು ಹರಿಯಬಹುದು. ಮೂತ್ರನಾಳದ ಮೂಲಕ ಹಾಯುವ ಉಂಗುರ ಮೂತ್ರದ ಧಾರೆಯನ್ನು ಚದುರಿಸುತ್ತದೆ. ಅದನ್ನು ತೆಗೆದ ಮೇಲೂ ಆ ತೂತು ಪೂರ್ತಿ ಮುಚ್ಚದೆ ಉಳಿಯಬಹುದು.

ಹೊಸ ಗಾಯಕ್ಕೆ ಅರಿಶಿನ, ಎಣ್ಣೆ, ವಿಭೂತಿ ಹಚ್ಚಬೇಡಿ. ಉಪ್ಪುನೀರಿನ ಸಲೈನ್ ಸಾಕು. ಕೀವಾದರೆ ಆಭರಣವನ್ನು ನೀವೇ ಕಿತ್ತುಹಾಕಬೇಡಿ, ತೂತು ಮುಚ್ಚಿಕೊಂಡು ಕೀವು ಒಳಗೇ ಉಳಿಯುತ್ತದೆ. ಕಿವಿಯ ಮೇಲ್ಭಾಗದ ಮೃದ್ವಸ್ಥಿ ಕೆಂಪಾಗಿ ಊದಿದರೆ ಅದೇ ದಿನ ತೋರಿಸಿ. ಅಲ್ಲಿ ಹಿಡಿಯುವ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸಾಮಾನ್ಯ ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ, ಕಿವಿಯ ಆಕಾರವೇ ಕುಸಿಯುತ್ತದೆ. ರುಮಾಟಿಕ್ ಹೃದಯ ಕಾಯಿಲೆ, ಕೃತಕ ಕವಾಟ, ಹುಟ್ಟಿನಿಂದ ಬಂದ ಹೃದಯದ ದೋಷ ಇರುವವರು ಹೃದ್ರೋಗ ತಜ್ಞರನ್ನು ಕೇಳದೆ ಎಲ್ಲಿಯೂ ಚುಚ್ಚಿಸಿಕೊಳ್ಳಬಾರದು. ಚುಚ್ಚಿದ ವಾರಗಳ ನಂತರ ಬಿಟ್ಟು ಬಿಟ್ಟು ಜ್ವರ ಬಂದರೆ ಹೃದಯದ ಒಳಪದರಕ್ಕೆ ಸೋಂಕು ತಗುಲಿರಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರೂ ತಡೆಯಿರಿ. ನಿಮಗೋ ಮನೆಯವರಿಗೋ ಹಳೆಯ ಗಾಯ ಉಬ್ಬಿ ಕೀಲಾಯ್ಡ್ ಆಗಿದ್ದರೆ ನಿಮ್ಮ ಮೈ ಮತ್ತೆ ಹಾಗೇ ಮಾಡುವ ಸಂಭವ ಹೆಚ್ಚು.

ಕತ್ತು ಹಿಸುಕುವುದು

ಮೊಬೈಲಿನ ವಿಡಿಯೋಗಳಿಂದಾಗಿ ಸಂಭೋಗದ ವೇಳೆ ಸಂಗಾತಿಯ ಕುತ್ತಿಗೆ ಒತ್ತುವುದು ಮಾಮೂಲು ಎಂಬ ಭಾವನೆ ಹುಟ್ಟಿದೆ. ವೈದ್ಯಕೀಯವಾಗಿ ಇದಕ್ಕೆ ಸುರಕ್ಷಿತ ವಿಧಾನ ಎನ್ನುವುದೇ ಇಲ್ಲ, ಕೈಯಾಗಲಿ ಬೆಲ್ಟಾಗಲಿ. ಮಿದುಳಿಗೆ ಹೋಗುವ ರಕ್ತನಾಳ ಒತ್ತಿದರೆ ಸುಮಾರು 10 ಸೆಕೆಂಡಿನೊಳಗೆ ಪ್ರಜ್ಞೆ ತಪ್ಪಬಹುದು. ‘ಸಾಕು’ ಎನ್ನಲು ಆಗ ಅವಕಾಶವೇ ಇರುವುದಿಲ್ಲ. ಒಬ್ಬರೇ ಇದ್ದಾಗ ಕುತ್ತಿಗೆಗೆ ಬಿಗಿದುಕೊಂಡವರ ಸಾವುಗಳನ್ನು ಮನೆಯವರು ಆತ್ಮಹತ್ಯೆ ಎಂದೇ ತಿಳಿದದ್ದುಂಟು.

ಮೋಸ ಏನೆಂದರೆ, ಹೊರಗೆ ಗುರುತೇ ಇಲ್ಲದೆಯೂ ಒಳಗೆ ರಕ್ತನಾಳದ ಪದರ ಹರಿದಿರಬಹುದು. ಅಲ್ಲಿ ಹೆಪ್ಪುಗಟ್ಟಿದ ರಕ್ತ ಕೆಲವು ದಿನಗಳ ನಂತರ ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು, ಇಪ್ಪತ್ತೈದರ ವಯಸ್ಸಿನಲ್ಲೂ. ಕುತ್ತಿಗೆ ಒತ್ತಿದ ನಂತರ ಸ್ವರ ಒಡೆದರೆ, ನುಂಗಲು ಕಷ್ಟವಾದರೆ, ಕಣ್ಣಲ್ಲಿ ಕೆಂಪು ಚುಕ್ಕೆ ಕಂಡರೆ, ಪ್ರಜ್ಞೆ ತಪ್ಪಿದ್ದರೆ, ಕುತ್ತಿಗೆ ನೋವು, ತಲೆನೋವು, ಒಂದು ಬದಿ ಜೋಮು ಹಿಡಿದರೆ ಆಸ್ಪತ್ರೆಗೆ ಹೋಗಿ ‘ಕುತ್ತಿಗೆ ಹಿಸುಕಿದ್ದು’ ಎಂದೇ ಹೇಳಿ. ನೀವು ಒಪ್ಪದೆ ಅದು ನಡೆದಿದ್ದರೆ ಅದು ಹಿಂಸೆ, ಗಂಡನಾದರೂ ಸರಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ವೈದ್ಯರಿಗೆ ಹೇಗೆ ಹೇಳುವುದು

ಊರು ಬಿಟ್ಟು ಚೆನ್ನೈಯಲ್ಲೋ ದೆಹಲಿಯಲ್ಲೋ ಇರುವವರಿಗೆ ನಾಚಿಕೆಯ ಜೊತೆ ಭಾಷೆಯ ತೊಡಕೂ ಸೇರುತ್ತದೆ. ಈ ಅಂಗಗಳ ಹೆಸರನ್ನು ನಾವು ಕನ್ನಡದಲ್ಲೇ ಬಾಯಿಬಿಟ್ಟು ಹೇಳುವವರಲ್ಲ, ತಮಿಳಿನಲ್ಲೋ ಹಿಂದಿಯಲ್ಲೋ ಎಲ್ಲಿಂದ ಹೇಳುವುದು? ಒಂದು ಚೀಟಿಯಲ್ಲೋ ಮೊಬೈಲಿನಲ್ಲೋ ನಾಲ್ಕು ಸಾಲು ಬರೆದುಕೊಳ್ಳಿ: ಯಾವ ವಸ್ತು, ಎಷ್ಟು ಗಂಟೆಗೆ, ಎಲ್ಲಿ, ಯಾವ ಮಾತ್ರೆ ಅಥವಾ ಮದ್ಯ ತೆಗೆದುಕೊಂಡಿದ್ದೀರಿ. ಫೋನಿನಲ್ಲೇ ಅನುವಾದಿಸಿ ಡ್ಯೂಟಿ ಡಾಕ್ಟರ ಕೈಗೆ ಕೊಡಿ. ಅಂಥದ್ದೇ ಇನ್ನೊಂದು ವಸ್ತು ಮನೆಯಲ್ಲಿದ್ದರೆ ಜೊತೆಗೆ ಒಯ್ಯಿರಿ, ಅಳತೆ ತಿಳಿಯುತ್ತದೆ. ರಿಸೆಪ್ಷನ್ನಿನಲ್ಲಿ ಎಲ್ಲರೆದುರು ವಿವರಿಸಬೇಕಾಗಿಲ್ಲ. ‘ಯೂರಾಲಜಿ ಎಮರ್ಜೆನ್ಸಿ, ಡಾಕ್ಟರಿಗೆ ಮಾತ್ರ ಹೇಳುತ್ತೇನೆ’ ಎಂದರೆ ಸಾಕು. ದುಭಾಷಿಯಾಗಿ ಮಗನನ್ನೋ ಪಕ್ಕದ ಮನೆಯವರನ್ನೋ ನಿಲ್ಲಿಸಿಕೊಂಡರೆ ನಿಜ ಹೊರಬರುವುದಿಲ್ಲ. ಜೊತೆಗೆ ಬಂದವರು ಪರೀಕ್ಷೆಯ ಹೊತ್ತಿಗೆ ಹೊರಗಿರಲಿ.

ಪೊಲೀಸರಿಗೆ ತಿಳಿಸಿಬಿಡುತ್ತಾರೆ ಎಂಬ ಭಯ ಹಲವರನ್ನು ಮನೆಯಲ್ಲೇ ಕೂರಿಸುತ್ತದೆ. ವಯಸ್ಕರು ಪರಸ್ಪರ ಒಪ್ಪಿ ಖಾಸಗಿಯಾಗಿ ನಡೆಸುವ ಲೈಂಗಿಕ ಕ್ರಿಯೆ, ಸಲಿಂಗಿಗಳದ್ದೂ ಸೇರಿ, ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿದೆ. ರೋಗಿಯ ಗುಟ್ಟು ಕಾಯುವುದು ವೈದ್ಯರ ಕರ್ತವ್ಯ. ಆದರೆ ಹಲ್ಲೆಯ ಅನುಮಾನ ಬಂದರೆ ಆಸ್ಪತ್ರೆ ಮೆಡಿಕೋ ಲೀಗಲ್ ಕೇಸ್ ಎಂದು ದಾಖಲಿಸಬಹುದು. 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಪೋಕ್ಸೋ ಕಾಯ್ದೆಯಡಿ ತಿಳಿಸಲೇಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಬೇಕೆಂದು ಕಾನೂನಿದೆ. ಯಾರಾದರೂ ಸಿಬ್ಬಂದಿ ನಕ್ಕರೆ, ಫೋಟೋ ತೆಗೆಯಲು ಬಂದರೆ ಬೇಡವೆನ್ನಿ. ಚಿಕಿತ್ಸೆಗೆ ಬೇಕಾದ ದಾಖಲೆ ಬೇರೆ, ವಾಟ್ಸಾಪ್ ಚಿತ್ರ ಬೇರೆ.

ಮನೆಯವರಿಗೊಂದು ಮಾತು. ಆತ ಚೇತರಿಸಿಕೊಳ್ಳುವವರೆಗೆ ‘ಏಕೆ’ ಎಂದು ಕೇಳಬೇಡಿ. ಒಂದೇ ಬಗೆಯ ಘಟನೆ ಮತ್ತೆ ಮತ್ತೆ ಆಗುತ್ತಿದ್ದರೆ, ಅಥವಾ ತನ್ನ ಅಂಗವನ್ನೇ ಗಾಯಗೊಳಿಸಿಕೊಳ್ಳುವ ಉದ್ದೇಶ ಕಂಡರೆ ಮನೋವೈದ್ಯರ ನೆರವು ಬೇಕು. ಟೆಲಿ ಮಾನಸ್ 14416ಕ್ಕೆ ಯಾವ ರಾಜ್ಯದಿಂದ ಕರೆ ಮಾಡಿದರೂ ಕನ್ನಡವನ್ನು ಆರಿಸಿಕೊಳ್ಳಬಹುದು.

ರಕ್ತ ಪರೀಕ್ಷೆಗಳು

ಬೇರೆಯವರ ರಕ್ತ ತಗುಲಿದ್ದರೆ, ಹಳೆಯ ಸೂಜಿಯಲ್ಲಿ ಚುಚ್ಚಿದ್ದರೆ, ಕಾಂಡೋಮ್ ಹರಿದಿದ್ದರೆ ಎಚ್‌ಐವಿ ತಡೆಯುವ ಮಾತ್ರೆಗಳಿವೆ. 72 ಗಂಟೆಯೊಳಗೆ ಶುರುಮಾಡಬೇಕು, ಮೊದಲ ಕೆಲವು ಗಂಟೆಗಳಲ್ಲೇ ಆದರೆ ಇನ್ನೂ ಒಳ್ಳೆಯದು, 28 ದಿನ ತಪ್ಪದೆ ನುಂಗಬೇಕು. ಎಲ್ಲಿ ಸಿಗುತ್ತದೆ ಎಂದು ನ್ಯಾಕೋ ಸಹಾಯವಾಣಿ 1097ರಲ್ಲಿ ವಿಚಾರಿಸಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿಲ್ಲದಿದ್ದರೆ ಅದನ್ನೂ ಆಗಲೇ ಶುರುಮಾಡುತ್ತಾರೆ. ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ, ಆದರೆ ಗುಣಪಡಿಸುವ ಮಾತ್ರೆಗಳಿವೆ. ಲೋಹದ ಗಾಯಕ್ಕೆ ಟೆಟನಸ್ ಇಂಜೆಕ್ಷನ್ ಬೇಕೇ ಎಂದು ಕೇಳಿ. ಮೊದಲ ದಿನದ ಎಚ್‌ಐವಿ ಪರೀಕ್ಷೆ ನೆಗೆಟಿವ್ ಬಂದರೆ ಅದು ಹಿಂದಿನ ಸ್ಥಿತಿಯ ಲೆಕ್ಕ, ಈ ಘಟನೆಯದ್ದಲ್ಲ. ವೈದ್ಯರು ಹೇಳಿದ ದಿನಕ್ಕೆ, ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ ಮತ್ತೆ ಮಾಡಿಸಬೇಕು. ಅಲ್ಲಿಯವರೆಗೆ ಕಾಂಡೋಮ್ ಬಳಸಿ. ಚುಚ್ಚಿಸಿಕೊಂಡವರು, ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ, ಶಿಬಿರದಲ್ಲಿ ಕೇಳಿದಾಗ ಮರೆಯದೆ ಹೇಳಿ.